ಎರಡು ಬಗೆಯ ಲೋಟ

(ಹ್ಯೂಸ್ಟನ್ನಿನ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್‌ನಲ್ಲಿ ಸೇರಿದ್ದ ನಮ್ಮ ಡಿಸೆಂಬರ್ ಕೂಟದಲ್ಲಿ ಆಡಿದ ಮಾತು)



ಡಲ್ಲಾಸಿನಿಂದ ನಾಲ್ಕು ತಾಸು, ಆಸ್ಟಿನ್ನಿನಿಂದ ಮೂರು ತಾಸು ಕಾರು ಓಡಿಸಿಕೊಂಡು ಬಂದವರು ಇಲ್ಲಿದ್ದೀರಿ. ಇವತ್ತೇ ವಾಪಸ್ ಹೋಗಿ ನಾಳೆ ಬೆಳಿಗ್ಗೆ ಕೆಲಸಕ್ಕೆ ನಿಲ್ಲಬೇಕಾದವರೂ ಇದ್ದೀರಿ. ಅದಕ್ಕೆ ಹೆಚ್ಚು ಎಳೆಯೋದಿಲ್ಲ ಅಂತ ಹೇಳಬೇಕು. ಮೈಕಿನ ಮುಂದೆ ನಿಂತವರೆಲ್ಲ ಹಾಗೇ ಹೇಳೋದು, ಅದೂ ನಿಮಗೆ ಗೊತ್ತುಂಟು.

ಕ್ರಿಸ್‌ಮಸ್ ಹತ್ತಿರ ಬಂತು, ಯೇಸುಸ್ವಾಮಿ ಹೇಳಿದ ‘ಚಾರಿಟಿ’ ಬಗ್ಗೆ ನಾಲ್ಕು ಮಾತಾಡಿ ಅಂತ ನಮ್ಮ ಮಂಗಳೂರಿನ ಗೆಳೆಯರು ಹೇಳಿದರು. ನಾನು ಕ್ರೈಸ್ತನಲ್ಲ ಮಾರಾಯ್ರೆ, ಹೋಟೆಲಿನವನು ಅಂದೆ. ಅದಕ್ಕೇ ನಿಮ್ಮನ್ನು ಕೇಳಿದ್ದು, ನೀವು ಸಾವಿರಾರು ಜನಕ್ಕೆ ಊಟ ಹಾಕಿದವರು ಅಂದರು. ಹಾಕಿದ್ದು ಹೌದು. ಬಿಲ್ಲು ಕೊಟ್ಟು ಹಾಕಿದ್ದು.

ಒಪ್ಪಿಕೊಂಡ ಮೇಲೆ ಆ ಶಬ್ದದ ಹಿಂದೆ ಬಿದ್ದೆ. ಚಾರಿಟಿ ಅಂದರೆ ದಾನ ಅಂತ ನಾನು ತಿಳಿದಿದ್ದೆ. ಚೆಕ್ಕು, ರಸೀದಿ, ಟ್ಯಾಕ್ಸಿನಲ್ಲಿ ಕಡಿತ. ಆದರೆ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ, ಇಂಗ್ಲಿಷಿನ ಹಳೇ ಕಿಂಗ್ ಜೇಮ್ಸ್ ಬೈಬಲ್ಲು ‘ಚಾರಿಟಿ’ ಅಂದ ಜಾಗದಲ್ಲಿ ನಮ್ಮ ಕನ್ನಡ ಬೈಬಲ್ಲು ‘ಪ್ರೀತಿ’ ಅನ್ನುತ್ತದೆ. ಅಷ್ಟೇ ಅಲ್ಲ, ಇದ್ದದ್ದನ್ನೆಲ್ಲ ಹಂಚಿಬಿಟ್ಟವನಿಗೂ ಈ ಪ್ರೀತಿ ಇಲ್ಲದೆ ಹೋದರೆ ಏನೂ ದಕ್ಕಲಿಲ್ಲ ಅನ್ನೋ ಅರ್ಥದ ಮಾತೂ ಅಲ್ಲೇ ಉಂಟು. ಅಂದರೆ ದಾನ ಬೇರೆ, ಇದು ಬೇರೆ. ದಾನ ಮಾಡಿಯೂ ಇದನ್ನು ಮಾಡದೆ ಇರಬಹುದು. ನನ್ನ ಮಾತಿಗೆ ಈ ಒಂದು ಸಂಗತಿ ಸಾಕಿತ್ತು.

ನಮ್ಮ ದಕ್ಷಿಣ ಕನ್ನಡ, ಉಡುಪಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಯಾರ ಮನೆಯವರು ಕಂಕನಾಡಿ ಆಸ್ಪತ್ರೆಯಲ್ಲಿ ಮಲಗಿ ಎದ್ದು ಬಂದಿಲ್ಲ ಹೇಳಿ? ಅದನ್ನು ಶುರು ಮಾಡಿದ ಫಾದರ್ ಅಗಸ್ಟಸ್ ಮುಲ್ಲರ್ ಜರ್ಮನಿಯ ಪಾದ್ರಿ. 1880ರಲ್ಲಿ ಮಂಗಳೂರಿನಲ್ಲಿ ಹೋಮಿಯೋಪಥಿ ಔಷಧಿ ಕೊಡೋದರಿಂದ ಅವರ ಕೆಲಸ ಮೊದಲಾಯಿತು. ಹತ್ತು ವರ್ಷ ಕಳೆದು 1890ರಲ್ಲಿ ಕುಷ್ಠರೋಗಿಗಳಿಗೆ ಆಸರೆ ಕಟ್ಟಿದರು. ಔಷಧಿ ಪುಡಿ ದೂರದಿಂದ ಕೊಡಬಹುದು. ಕುಷ್ಠದ ಹುಣ್ಣನ್ನು ದೂರದಿಂದ ತೊಳೆಯಲಿಕ್ಕೆ ಆಗೋದಿಲ್ಲ.

ಇನ್ನು ಒಳ್ಳೆಯ ಸಮಾರ್ಯನ ಕಥೆ. ಲೂಕನ ಸುವಾರ್ತೆಯಲ್ಲಿ ಬರುವ ಕಥೆ, ನಿಮ್ಮಲ್ಲಿ ಹೆಚ್ಚಿನವರು ಕೇಳಿದ್ದೀರಿ. ಒಬ್ಬ ಶಾಸ್ತ್ರ ಬಲ್ಲವನು ಬಂದು, ನನ್ನ ನೆರೆಯವನು ಯಾರು ಅಂತ ಯೇಸುವನ್ನು ಕೇಳುತ್ತಾನೆ. ಎಲ್ಲಿಯವರೆಗೆ ಮಾಡಿದರೆ ಸಾಕು, ಗಡಿ ಹೇಳಿಬಿಡಿ ಅಂತ ಕೇಳಿದ ಹಾಗೆ. ಯೇಸು ಗಡಿ ಹೇಳೋದಿಲ್ಲ, ಕಥೆ ಹೇಳುತ್ತಾನೆ. ಜೆರುಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿಯಲ್ಲಿ ಒಬ್ಬನನ್ನು ಕಳ್ಳರು ಹೊಡೆದು ಹಾಕಿದ್ದಾರೆ. ಪುರೋಹಿತ ನೋಡಿ ಆಚೆ ಬದಿಯಿಂದ ಹೋದ. ಲೇವಿಯನೂ ಹೋದ. ಯೆಹೂದ್ಯರು ಕೀಳಾಗಿ ಕಾಣುತ್ತಿದ್ದ ಸಮಾರ್ಯದವನು ನಿಂತ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ, ತನ್ನ ಪಶುವಿನ ಮೇಲೆ ಹತ್ತಿಸಿದ, ಛತ್ರಕ್ಕೆ ಕರೆದುಕೊಂಡು ಹೋದ. ಮಾರನೆಯ ದಿನ ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ಬರುವಾಗ ಕೊಡ್ತೇನೆ ಅಂದು ಹೊರಟ.

ಹೋಟೆಲಿನವನಾದ್ದರಿಂದ ನನ್ನ ಕಣ್ಣು ಮೊದಲು ಹೋದದ್ದು ಆ ಛತ್ರದವನ ಮೇಲೆ. ಅವನ ಬಗ್ಗೆ ಯಾರೂ ಪ್ರಸಂಗ ಮಾಡೋದಿಲ್ಲ. ಪರದೇಶಿಯ ಬಾಯಿಮಾತಿನ ಮೇಲೆ ಉದ್ರಿ ಬರೆದುಕೊಂಡನಲ್ಲ! ಮರುದಿನದಿಂದ ಗಂಜಿ ಕುಡಿಸಿದವನು, ಬಟ್ಟೆ ಬದಲಿಸಿದವನು ಅವನೇ ಇರಬೇಕು, ಅಥವಾ ಅವನ ಹತ್ತಿರ ಇದ್ದ ಯಾವುದೋ ಮಾಣಿ. ಇರಲಿ, ಅದು ನಮ್ಮ ವೃತ್ತಿಯ ಅಭಿಮಾನ.

ಕೊನೆಗೆ ಯೇಸು ಪ್ರಶ್ನೆಯನ್ನೇ ತಿರುಗಿಸುತ್ತಾನೆ. ಬಿದ್ದವನಿಗೆ ನೆರೆಯವನು ಆದದ್ದು ಈ ಮೂವರಲ್ಲಿ ಯಾರು ಅಂತ. ಅದಕ್ಕೆ ಆ ಶಾಸ್ತ್ರಿ ‘ಸಮಾರ್ಯದವನು’ ಅಂತ ಹೇಳೋದಿಲ್ಲ ನೋಡಿ. ದಯೆ ತೋರಿಸಿದವನು ಅಂತ ಸುತ್ತಿ ಹೇಳ್ತಾನೆ. ಆ ಜಾತಿಯ ಹೆಸರು ಅವನ ನಾಲಿಗೆ ಮೇಲೆ ಬರಲಿಲ್ಲ. ಇದನ್ನು ಓದಿದಾಗ ನನಗೆ ಸ್ವಲ್ಪ ಮುಜುಗರವೇ ಆಯಿತು. ಯಾಕೆ ಅಂತ ಮುಂದೆ ಹೇಳ್ತೇನೆ.

ನಾವು ಕೂತಿರುವ ಈ ಹಿಲ್‌ಕ್ರಾಫ್ಟ್ ಪೇಟೆಗೆ 2010ರಲ್ಲಿ ಗಾಂಧೀಜಿ ಹೆಸರು ಇಟ್ಟರು. ಹರ್ಮನ್ ಪಾರ್ಕಿನಲ್ಲಿ 2004ರಿಂದ ಅವರ ಪ್ರತಿಮೆಯೂ ಉಂಟು. ಅವರಿಗೂ ಒಬ್ಬ ಸಮಾರ್ಯದವನು ಸಿಕ್ಕಿದ್ದ, ಅದೂ ಅಮೆರಿಕದವನು. 1893, ಪ್ರಿಟೋರಿಯಾ ಸ್ಟೇಷನ್. ದಾರಿಯಲ್ಲಿ ರೈಲಿನಿಂದ ದಬ್ಬಿಸಿಕೊಂಡು, ಕೋಚಿನಲ್ಲಿ ಹೊಡೆತ ತಿಂದು ಬಂದ ಯುವಕ ರಾತ್ರಿ ಇಳಿದರೆ ಕರೆದುಕೊಂಡು ಹೋಗಲಿಕ್ಕೆ ಯಾರೂ ಇಲ್ಲ. ಅಲ್ಲೇ ನಿಂತಿದ್ದ ಅಮೆರಿಕದ ಒಬ್ಬ ಕರಿಯ ಮನುಷ್ಯ ತಾನಾಗಿ ಮಾತಾಡಿಸಿ, ಜಾನ್ಸ್ಟನ್ ಎಂಬ ಅಮೆರಿಕದವನ ಹೋಟೆಲಿಗೆ ಕರೆದುಕೊಂಡು ಹೋದ. ಜಾನ್ಸ್ಟನ್ ರೂಮು ಕೊಟ್ಟ, ಆದರೆ ಊಟ ರೂಮಿನಲ್ಲೇ ಮಾಡಬೇಕು, ಬಿಳಿ ಗಿರಾಕಿಗಳು ಏನಂತಾರೋ ಅಂದ. ಆಮೇಲೆ ಅವನಿಗೇ ನಾಚಿಕೆ ಆಗಿ, ಗಿರಾಕಿಗಳನ್ನು ಕೇಳಿ, ನಮ್ಮದೇನೂ ಅಡ್ಡಿ ಇಲ್ಲ ಅಂತ ಅವರು ಹೇಳಿದ ಮೇಲೆ, ಬಂದು ಊಟದ ಹಾಲಿಗೆ ಕರೆದ. ಆತ್ಮಕಥೆಯಲ್ಲಿ ಇದೆಲ್ಲ ಉಂಟು. ಹೋಟೆಲು ಮಾಲೀಕನ ಹೆಸರು ಉಂಟು. ದಾರಿ ತೋರಿಸಿದ ಆ ಕರಿಯ ಮನುಷ್ಯನ ಹೆಸರು ಮಾತ್ರ ಇಲ್ಲ.

ನಾವು ಹ್ಯೂಸ್ಟನ್ನಿನವರು ಉಪಕಾರ ಮರೆಯುವ ಜನ ಅಲ್ಲ. 2017ರ ಫೆಬ್ರವರಿ 22ರಂದು ಕನ್ಸಾಸ್‌ನ ಓಲೇತದ ಒಂದು ಬಾರಿನಲ್ಲಿ ಶ್ರೀನಿವಾಸ ಕೂಚಿಭೊಟ್ಲ ಅವರನ್ನು ನಮ್ಮ ದೇಶ ಬಿಟ್ಟು ಹೋಗು ಅಂತ ಕೂಗಿ ಒಬ್ಬ ಗುಂಡಿಟ್ಟು ಕೊಂದ. ಜೊತೆಗಿದ್ದ ಆಲೋಕ್ ಮದಸಾನಿಗೂ ಗಾಯ ಆಯಿತು. ಇಯಾನ್ ಗ್ರಿಲೊಟ್ ಅಂತ 24 ವರ್ಷದ ಹುಡುಗ, ಮೇಜಿನಡಿ ಕೂತು ಗುಂಡು ಎಣಿಸಿದವನು, ಗುಂಡು ಮುಗಿಯಿತು ಅಂದುಕೊಂಡು ಕೊಲೆಗಾರನ ಹಿಂದೆ ಓಡಿದ. ಮುಗಿದಿರಲಿಲ್ಲ. ಗುಂಡು ಅವನ ಕೈಯನ್ನು ತೂರಿ ಎದೆಗೆ ಹೋಯಿತು. ಬದುಕಿದ. ಮುಂದಿನ ತಿಂಗಳೇ ನಮ್ಮ ಹ್ಯೂಸ್ಟನ್ನಿನ ಇಂಡಿಯಾ ಹೌಸಿನ ಸಮಾರಂಭಕ್ಕೆ ಅವನನ್ನು ಕರೆಸಿ, ಮನೆ ಕೊಳ್ಳಲಿಕ್ಕೆ ಅಂತ ಇಲ್ಲಿಯ ಭಾರತೀಯರು ಒಂದು ಲಕ್ಷ ಡಾಲರ್ ಕೊಟ್ಟರು. ಒಳ್ಳೆಯ ಕೆಲಸ. ಅದರಲ್ಲಿ ಎರಡು ಮಾತಿಲ್ಲ.

ಆದರೆ ಅದೇ ವರ್ಷ, ಅದೇ ಹ್ಯೂಸ್ಟನ್ನಿನಲ್ಲಿ, ನನ್ನ ಅಡುಗೆಮನೆಯಲ್ಲಿ ಏನಿತ್ತು ಅಂತ ಕೇಳಿ.

ಹೋಟೆಲಿನ ಹೆಸರು ಹೇಳೋದಿಲ್ಲ. ತಪ್ಪು ಮಾಲೀಕರದ್ದಲ್ಲ, ಒಳಗೆ ಕೆಲಸಕ್ಕಿದ್ದ ನಮ್ಮದು. ಬೆಳಿಗ್ಗೆ ಹನ್ನೊಂದಕ್ಕೆ, ಗಿರಾಕಿಗಳು ಬರುವ ಮುಂಚೆ, ನಮಗೆಲ್ಲ ಒಂದು ಕಾಫಿ. ನಮ್ಮವರಿಗೆ ಸ್ಟೀಲ್ ಲೋಟ-ಬಟ್ಟಲಿನಲ್ಲಿ. ಪಾತ್ರೆ ತೊಳೆಯುವ, ಈರುಳ್ಳಿ ಹೆಚ್ಚುವ ಹೊಂಡುರಾಸ್, ಸಾಲ್ವಡಾರಿನ ಹುಡುಗರಿಗೆ ಥರ್ಮೋಕೋಲ್ ಲೋಟದಲ್ಲಿ. ನಾವು ಒಳಗೆ ಸ್ಟೂಲಿನ ಮೇಲೆ, ಅವರು ಹಿಂಬಾಗಿಲ ಮೆಟ್ಟಿಲಲ್ಲಿ. ಹೀಗೆ ಮಾಡಿ ಅಂತ ಯಾರೂ ಹೇಳಿರಲಿಲ್ಲ. ಆ ಸ್ಟೀಲ್ ಲೋಟಗಳನ್ನು ತೊಳೆಯುತ್ತಿದ್ದವರು ಅವರೇ! ತೊಳೆಯಬಹುದು, ಕುಡಿಯಬಾರದು. ನಮ್ಮ ಊರುಗಳ ಹೋಟೆಲುಗಳಲ್ಲಿ ದಲಿತರಿಗೆ ಬೇರೆ ಲೋಟ ಇಡುತ್ತಿದ್ದ ಪದ್ಧತಿ ಉಂಟಲ್ಲ, ಅದು ವೀಸಾ ಇಲ್ಲದೆ ನಮ್ಮ ಜೊತೆ ವಿಮಾನ ಹತ್ತಿ ಬಂದಿತ್ತು.

ಹೆಸರಿನ ವಿಷಯ ಅದಕ್ಕಿಂತ ಕಡೆ. ನಾನು ಹದಿನಾಲ್ಕನೇ ವಯಸ್ಸಿಗೆ ಬೆಂಗಳೂರಿನ ಒಂದು ಹೋಟೆಲಿಗೆ ಸೇರಿದವನು. ಮೂರು ವರ್ಷ ನನ್ನ ಹೆಸರು ‘ಮಾಣಿ’. ಏ ಮಾಣಿ, ಟೇಬಲ್ ಒರೆಸು. ಏ ಮಾಣಿ, ನೀರು. ಅಪ್ಪ ಒಮ್ಮೆ ಊರಿಂದ ಬಂದು ಗಲ್ಲಾದ ಹತ್ತಿರ ನಿಂತು ನನ್ನ ಹೆಸರು ಹೇಳಿ ಕೇಳಿದರೆ, ಹಾಗೆಂಬವರು ಇಲ್ಲಿ ಯಾರೂ ಇಲ್ಲ ಅಂತ ವಾಪಸ್ ಕಳಿಸಿಬಿಡುತ್ತಿದ್ದರು, ನಾನೇ ತಟ್ಟೆ ಹಿಡಿದುಕೊಂಡು ಆ ಕಡೆ ಬಂದದ್ದರಿಂದ ಆಯಿತು. ಇಷ್ಟು ನೆನಪು ಇಟ್ಟುಕೊಂಡವನು ನಾನು. ಪಾತ್ರೆ ತೊಳೆಯುವ ಆ ಹೊಂಡುರಾಸಿನವನನ್ನು ನಾಲ್ಕು ವರ್ಷ ‘ಅಮಿಗೊ’ ಅಂತಲೇ ಕರೆದೆ. ಅಮಿಗೊ ಅಂದರೆ ಗೆಳೆಯ ಅಂತೆ. ಎಂಥ ಗೆಳೆತನ! ಅಲ್ಲಿದ್ದ ನಾಲ್ಕು ಜನರನ್ನೂ ಅಮಿಗೊ ಅಂತಲೇ ಕರೀತಿದ್ದೆವು, ಹತ್ತಿರ ಇದ್ದವನು ತಿರುಗಿ ನೋಡುತ್ತಿದ್ದ.

ಆ ವರ್ಷ ಆಗಸ್ಟ್ 25ರ ರಾತ್ರಿ ಹಾರ್ವೆ ಬಂತು. ನಿಮಗೆಲ್ಲ ನೆನಪುಂಟು. ನಮ್ಮ ಊರನ್ನು ಕೆಡಿಸಿದ್ದು ಗಾಳಿ ಅಲ್ಲ, ಮಳೆ. ಬೈಯು ಅಂದರೆ ನಮ್ಮೂರಿನ ತೋಡು ಇದ್ದ ಹಾಗೆ, ಬೇಸಿಗೆಯಲ್ಲಿ ಕಾಲು ಒದ್ದೆ ಆಗೋದಿಲ್ಲ. 27ರ ಭಾನುವಾರ ಬೆಳಗಾಗುವಾಗ ಬ್ರೇಸ್ ಬೈಯು ದಂಡೆ ಮೀರಿತ್ತು. ನಾವಿದ್ದದ್ದು ಕೆಳಗಿನ ಅಪಾರ್ಟ್‌ಮೆಂಟು. ಮಂಚದ ಕಾಲು ಮುಳುಗಿತು. 911ಕ್ಕೆ ಫೋನು ಮಾಡಿದರೆ ಸಿಗೋದಿಲ್ಲ. ನಮ್ಮವರು ನಾಲ್ಕೈದು ಮಂದಿಗೆ ಮಾಡಿದೆ. ಎಲ್ಲರ ಬಾಗಿಲಲ್ಲೂ ನೀರು, ಅವರಾದರೂ ಏನು ಮಾಡುತ್ತಾರೆ.

ಮಧ್ಯಾಹ್ನ ಕಿಟಕಿಯ ಹೊರಗೆ ಅಮಿಗೊ ಅಂತ ಯಾರೋ ಕೂಗಿದ ಹಾಗಾಯಿತು. ಅವನೇ. ಸೊಂಟದ ತನಕ ನೀರಲ್ಲಿ ನಿಂತಿದ್ದಾನೆ, ಜೊತೆಗೆ ಇನ್ನೊಬ್ಬ ಹುಡುಗ, ಹಗ್ಗ ಕಟ್ಟಿದ ಗಾಳಿ ಹಾಸಿಗೆ. ಹಿಂದೊಮ್ಮೆ ನನ್ನ ಕಾರು ಕೆಟ್ಟಾಗ ಪಿಕಪ್‌ನಲ್ಲಿ ಮನೆಗೆ ಬಿಟ್ಟಿದ್ದ, ಆ ದಾರಿ ನೆನಪಿಟ್ಟಿದ್ದ. ನನಗೂ ಅವನ ಹೆಸರು ಗೊತ್ತಿಲ್ಲ, ಅವನಿಗೂ ನನ್ನ ಹೆಸರು ಗೊತ್ತಿಲ್ಲ. ಅದಕ್ಕೆ ನನ್ನನ್ನೂ ಅಮಿಗೊ ಅಂತಲೇ ಕೂಗಿದ್ದು. ಹೆಂಡತಿಯನ್ನೂ ಆರು ವರ್ಷದ ಮಗಳನ್ನೂ ಹಾಸಿಗೆಯ ಮೇಲೆ ಕೂರಿಸಿ ಎಳೆದರು. ನಾನು ಹಿಂದಿನಿಂದ, ಪಾಸ್‌ಪೋರ್ಟು, ವೀಸಾ ಕಾಗದದ ಚೀಲ ತಲೆಯ ಮೇಲಿಟ್ಟುಕೊಂಡು. ಅವನ ಮನೆಯಲ್ಲಿ ಅಂಥ ಚೀಲ ಇತ್ತೋ ಇಲ್ಲವೋ ನಾನು ಇವತ್ತಿನವರೆಗೆ ಕೇಳಿಲ್ಲ. ಹಾಗಾಗಿ ಈಗ ಅವನ ಹೆಸರು ಚೆನ್ನಾಗಿ ಗೊತ್ತಿದ್ದರೂ ಈ ಮೈಕಿನಲ್ಲಿ ಹೇಳೋದಿಲ್ಲ.

ಗಲ್ಫ್‌ಟನ್ನಿನಲ್ಲಿ ಮೂರನೇ ಮಾಳಿಗೆಯ ಮನೆ. ಹಿಲ್‌ಕ್ರಾಫ್ಟ್‌ನ ಪಕ್ಕದಲ್ಲೇ ಇರುವ ಗಲ್ಫ್‌ಟನ್ನಿಗೆ ನಾನು ಹದಿನೈದು ವರ್ಷದಲ್ಲಿ ಕಾಲಿಟ್ಟಿರಲಿಲ್ಲ. ಕಳ್ಳಕಾಕರ ಜಾಗ, ಹುಷಾರು ಅಂತ ಹೊಸದಾಗಿ ಬಂದ ನಮ್ಮ ಹುಡುಗರಿಗೆ ಹೇಳುತ್ತಿದ್ದವನು ನಾನೇ. ಒಂದು ಕೋಣೆ, ಒಂದು ಹಾಲು, ಅವರೇ ಆರು ಜನ, ನಾವು ಮೂರು. ಅವನ ಹೆಂಡತಿ ಬಾಗಿಲಲ್ಲಿ ಅವನನ್ನು ಹೆಸರು ಹಿಡಿದು ಕರೆದಾಗಲೇ ನನಗೆ ಆ ಹೆಸರು ಗೊತ್ತಾದದ್ದು.

ಆ ತಾಯಿ ಕೆಂಪು ಬೀನ್ಸ್ ಬೇಯಿಸಿದ್ದರು. ಬಡಿಸುವ ಮುಂಚೆ, ಇಂಗ್ಲಿಷ್ ಬರುವ ಮಗನ ಕೈಯಲ್ಲಿ ಕೇಳಿಸಿದರು, ಇವರು ಹಂದಿ ಕೊಬ್ಬು ತಿಂತಾರಾ ಅಂತ. ಮಾಂಸ ಏನೂ ತಿನ್ನೋದಿಲ್ಲ ಅಂದೆವು. ಅಂಥ ಹೊತ್ತಿನಲ್ಲಿ ಏನೂ ಹೇಳದೆ ತಿನ್ನಬೇಕಿತ್ತೋ ಏನೋ. ಅವರು ಆ ಪಾತ್ರೆ ಬದಿಗಿಟ್ಟು, ಬೇರೆ ಪಾತ್ರೆ ತೊಳೆದು, ಬೇರೆ ಸೌಟು ತೆಗೆದು, ಎಣ್ಣೆಯಲ್ಲಿ ಹೊಸದಾಗಿ ಮಾಡಿದರು. ಮುಖದಲ್ಲಿ ಒಂದು ಗೆರೆ ಬದಲಾಗಲಿಲ್ಲ. ಕುಡಿಯಲಿಕ್ಕೆ ನೀರು ತಂದರು. ಮನೆಯಲ್ಲಿ ಗಾಜಿನ ಲೋಟ ಇದ್ದದ್ದೇ ನಾಲ್ಕು. ಮೂರು ನಮ್ಮ ಮುಂದೆ ಬಂತು. ಅವರ ಮಕ್ಕಳು ಜಾಮಿನ ಬಾಟಲಿಯಲ್ಲಿ ಕುಡಿದವು.

ನಾನು ಆ ಲೋಟ ಹಿಡಿದುಕೊಂಡೇ ಕೂತೆ. ಹೆಂಡತಿ, ಯಾಕೆ, ನೀರು ಸರಿ ಇಲ್ಲವಾ ಅಂತ ಮೆಲ್ಲಗೆ ಕೇಳಿದಳು.

ಇದನ್ನು ಆಮೇಲೆ ಒಮ್ಮೆ ನರ್ಸ್ ಕೆಲಸದಲ್ಲಿರುವ ನಮ್ಮ ಮಂಗಳೂರಿನ ಅಕ್ಕನೊಬ್ಬರ ಹತ್ತಿರ ಹೇಳಿದೆ. ಅವರು ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯ ತೆಗೆದು ತೋರಿಸಿದರು. ಸುಡುಬಿಸಿಲಲ್ಲಿ ಯೇಸು ಯಾಕೋಬನ ಬಾವಿಯ ಹತ್ತಿರ ಕೂತು, ಕೊಡ ತಂದ ಸಮಾರ್ಯದ ಹೆಂಗಸಿನ ಹತ್ತಿರ ನೀರು ಕೇಳುತ್ತಾನೆ. ಅವಳಿಗೆ ಆಶ್ಚರ್ಯ. ಯೆಹೂದ್ಯರಿಗೂ ಸಮಾರ್ಯದವರಿಗೂ ಬಳಕೆ ಇರಲಿಲ್ಲ ಅಂತ ಅಲ್ಲಿ ಬರುತ್ತದೆ. ಮೂಲದ ಗ್ರೀಕ್ ಮಾತಿಗೆ, ಒಬ್ಬರ ಪಾತ್ರೆ ಇನ್ನೊಬ್ಬರು ಮುಟ್ಟೋದಿಲ್ಲ ಅಂತಲೂ ಅರ್ಥ ಮಾಡುತ್ತಾರಂತೆ. ಅವನ ಹತ್ತಿರ ಸೇದಲಿಕ್ಕೆ ಏನೂ ಇರಲಿಲ್ಲ. ಕುಡಿಯೋದಾದರೆ ಅವಳ ಪಾತ್ರೆಯಲ್ಲೇ ಕುಡಿಯಬೇಕು. ಗೊತ್ತಿದ್ದೇ ಕೇಳಿದ. ಯೇಸು ಅಲ್ಲಿ ಕೊಡುವವನಾಗಿ ಮಾತು ಶುರು ಮಾಡಲಿಲ್ಲ, ಬಾಯಾರಿ ಬೇಡುವವನಾಗಿ ಶುರು ಮಾಡಿದ. ನಮಗೆ ಇದೇ ಕಷ್ಟ. ಕೊಡು ಅಂದರೆ ಕೊಡ್ತೇವೆ, ಅವರ ಕೈಯಿಂದ ತಗೊಳ್ಳೋದು ಅಂದರೆ ಗಂಟಲಲ್ಲಿ ಇಳಿಯೋದಿಲ್ಲ. ನಾನೂ ನೀರು ಇಳಿದ ಮೇಲೆ ಲಕೋಟೆಯಲ್ಲಿ ಮುನ್ನೂರು ಡಾಲರ್ ಹಾಕಿ ಕೊಡಲಿಕ್ಕೆ ಹೋಗಿದ್ದೆ. ಋಣ ಇಟ್ಟುಕೊಳ್ಳಬಾರದು ಅಂತ. ಅವನು ಲಕೋಟೆ ನೋಡಿದ, ನನ್ನ ಮುಖ ನೋಡಿದ, ಹೋಗಿ ಪಾತ್ರೆ ತೊಳೆಯಲಿಕ್ಕೆ ನಿಂತ.

ಹೋಟೆಲು ಮತ್ತೆ ತೆರೆದ ದಿನ ಹನ್ನೊಂದು ಗಂಟೆಗೆ ಅವನಿಗೆ ಸ್ಟೀಲ್ ಲೋಟದಲ್ಲಿ ಕಾಫಿ ಹೊಯ್ದೆ. ನಮ್ಮ ಹಿರಿಯ ಅಡಿಗೆಯವರು, ನಾವೆಲ್ಲ ‘ಮಾವ’ ಅಂತ ಕರೀತಿದ್ದವರು, ನೋಡಿ, ಅದು ಬೇರೆ ಇಡು ಅಂದರು. ಅಷ್ಟೇ ಅಂದದ್ದು. ನನಗೆ ಎಲ್ಲಿತ್ತೋ ಸಿಟ್ಟು. ಎಲ್ಲರೆದುರು, ಆ ಹುಡುಗರೆದುರು, ಅವರ ವಯಸ್ಸೂ ನೋಡದೆ ಬಾಯಿಗೆ ಬಂದದ್ದು ಹೇಳಿದೆ. ನೀವು ಬರುವಾಗ ಮನುಷ್ಯತ್ವ ಊರಲ್ಲೇ ಬಿಟ್ಟು ಬಂದಿರಾ ಅಂದೆ. ನನಗೆ ದೋಸೆ ಹೊಯ್ಯಲಿಕ್ಕೆ ಕಲಿಸಿದವರು ಅವರು. ನನ್ನ ಮಗಳು ಹುಟ್ಟಿದಾಗ ಹತ್ತು ದಿನ ಬಾಣಂತಿ ಸಾರು ಮಾಡಿ ಕಳಿಸಿದವರು. ಅವರು ಏನೂ ಹೇಳಲಿಲ್ಲ, ಏಪ್ರನ್ ಬಿಚ್ಚಿಟ್ಟು ಹೊರಗೆ ಹೋದರು. ನಾನು ಗೆದ್ದವನ ಹಾಗೆ ನಿಂತಿದ್ದೆ.

ಈ ಕಡೆ ಆ ಹುಡುಗ ಲೋಟ ಮುಟ್ಟಿ, ಬೆರಳು ಸುಟ್ಟುಕೊಂಡು, ಆಯಾಯಾಯ್ ಅಂತ ಕೆಳಗಿಟ್ಟು, ಅಮಿಗೊ, ಥರ್ಮೋಕೋಲಿನದ್ದೇ ಕೊಡು ಅಂದ. ಬಟ್ಟಲಿಗೆ ಬಗ್ಗಿಸಿ ಆರಿಸಿ ಕುಡಿಯಬೇಕು ಅಂತ ಅವನಿಗೆ ಯಾರು ಹೇಳಿದ್ದರು?

ಇಲ್ಲಿ ನನಗೆ ಗಾಂಧೀಜಿಯ ಇನ್ನೊಂದು ಪ್ರಸಂಗ ನೆನಪಾಗೋದು. 1898, ಡರ್ಬನ್. ಮನೆಯಲ್ಲಿ ಉಳಿದಿದ್ದ ಗುಮಾಸ್ತರಲ್ಲಿ ಒಬ್ಬ ಪಂಚಮ ತಂದೆತಾಯಿಗೆ ಹುಟ್ಟಿದ ಕ್ರೈಸ್ತ. ಹೊಸಬ. ಅವನ ಕೋಣೆಯ ಮೂತ್ರದ ಪಾತ್ರೆ ತೆಗೆಯುವ ಕೆಲಸ ಕಸ್ತೂರಬಾ ಮೇಲೆ ಬಂತು. ಅವರು ಅಳುತ್ತಾ ಪಾತ್ರೆ ಹಿಡಿದು ಮೆಟ್ಟಿಲು ಇಳಿದರು. ಗಂಡನಿಗೆ ಅದು ಸಾಲದು, ನಗುತ್ತಾ ತೆಗೆಯಬೇಕು. ಮಾತಿಗೆ ಮಾತು ಬೆಳೆದು, ಹೆಂಡತಿಯ ಕೈ ಹಿಡಿದು ಗೇಟಿನ ತನಕ ಎಳೆದುಕೊಂಡು ಹೋಗಿ, ಹೊರಗೆ ದಬ್ಬಲಿಕ್ಕೆ ಗೇಟು ತೆರೆದರು. ಈ ಪರದೇಶದಲ್ಲಿ ಅಪ್ಪ ಅಮ್ಮ ಇಲ್ಲದ ನಾನು ಎಲ್ಲಿಗೆ ಹೋಗಲಿ, ನಿಮಗೆ ನಾಚಿಕೆ ಇಲ್ಲವಾ ಅಂತ ಆಕೆ ಅತ್ತ ಮೇಲೆಯೇ ಗೇಟು ಮುಚ್ಚಿದ್ದು. ಇದನ್ನು ಗಾಂಧೀಜಿ ತಾವೇ, ತಮ್ಮ ಮೇಲೆ ತಪ್ಪು ಹೊರಿಸಿಕೊಂಡು ಬರೆದಿದ್ದಾರೆ. ಹೊಸಬ ಗುಮಾಸ್ತನಿಗೆ ತೋರಿಸಿದ ದಯೆ ದೊಡ್ಡದೇ. ಅದನ್ನು ತೋರಿಸುವ ಭರದಲ್ಲಿ ಪಕ್ಕದಲ್ಲಿದ್ದವಳು ಮನುಷ್ಯಳು ಅನ್ನೋದು ಮರೆತುಹೋಯಿತು.

ಮಾವ ಹೇಳಿದ್ದು ಸರಿ ಅಂತ ನಾನು ಈಗಲೂ ಹೇಳೋದಿಲ್ಲ. ಎರಡು ಬಗೆಯ ಲೋಟ ತಪ್ಪು, ತಪ್ಪೇ. ಆದರೆ ಅದನ್ನು ಹೇಳಲಿಕ್ಕೆ ಹಿಂದಿನ ಸಂಜೆ ಅವರ ರೂಮಿಗೆ ಹೋಗಬಹುದಿತ್ತು. ಗಲ್ಫ್‌ಟನ್ನಿನ ನಾಲ್ಕು ಗಾಜಿನ ಲೋಟದ ಕಥೆ ಅವರಿಗೆ ಮೊದಲು ಹೇಳಬಹುದಿತ್ತು. ನಾನೂ ನಾಲ್ಕು ವರ್ಷ ಅದೇ ಥರ್ಮೋಕೋಲ್ ಲೋಟ ನೀಡಿದವನಲ್ಲವಾ? ನನಗೆ ಪ್ರವಾಹ ಬಂದು ಕಲಿಸಬೇಕಾಯಿತು, ಅವರಿಗೆ ಮಾತ್ರ ಒಂದೇ ನಿಮಿಷದಲ್ಲಿ ತಿಳಿಯಬೇಕಿತ್ತು!

ಮಾವ ಎರಡು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ನ್ಯೂಜೆರ್ಸಿಗೆ, ಎಡಿಸನ್ನಿಗೆ ಹೋದರು. ಹೋಗುವ ದಿನ ನಾನು ಬೇಕಂತಲೇ ರಜೆ ಹಾಕಿದ್ದೆ.

ಈ ಭಾಷಣ ಒಪ್ಪಿಕೊಂಡ ಮೇಲೆ, ಹೋದ ತಿಂಗಳು, ಫೋನ್ ಮಾಡಿದೆ. ಎರಡು ಸಲ ಎತ್ತಲಿಲ್ಲ. ಮೂರನೇ ಸಲ ಎತ್ತಿದರು. ತಪ್ಪಾಯ್ತು ಮಾವ ಅಂದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮೊಣಕಾಲು ನೋವು, ಅಲ್ಲಿಯ ಚಳಿ, ಅಕ್ಕಿಯ ರೇಟು, ನನ್ನ ಮಗಳು ಎಷ್ಟನೇ ಕ್ಲಾಸು ಅಂತೆಲ್ಲ ಮಾತಾಯಿತು. ಫೋನ್ ಇಡುವ ಹೊತ್ತಿಗೆ ಅವರೇ ಕೇಳಿದರು:

“ಆ ಹುಡುಗ ಉಂಟಾ ಅಲ್ಲೇ? ಬಟ್ಟಲಿಗೆ ಬಗ್ಗಿಸಲಿಕ್ಕೆ ಕಲಿತನಾ, ಇಲ್ಲ ಈಗಲೂ ಕೈ ಸುಟ್ಟುಕೊಳ್ತಾನಾ?”